ಮದ್ದು ಮೊದಲು, ಕಣ್ಣು ಆಮೇಲೆ: ಅಡ್ರಿನಲ್ ರಕ್ತಸ್ರಾವದ ನಿದಾನದ ಇತಿಹಾಸ

ಮೂತ್ರಪಿಂಡಗಳ ನೆತ್ತಿಯ ಮೇಲೆ ಒಂದೊಂದಾಗಿ ಕುಳಿತು, ತಲಾ ನಾಲ್ಕೈದು ಗ್ರಾಮ್ ತೂಗುವ ಅಡ್ರಿನಲ್ ಗ್ರಂಥಿಗಳನ್ನು ಇಟಲಿಯ ಯೂಸ್ಟೇಕಿಯಸ್ 1564ರಲ್ಲಿಯೇ ವರ್ಣಿಸಿದ್ದನು. ಅವು ಕೆಟ್ಟರೆ ಮನುಷ್ಯನು ಉಳಿಯಲಾರನೆಂಬುದನ್ನು ಲಂಡನ್ನಿನ ಗೈಸ್ ಆಸ್ಪತ್ರೆಯ ಥಾಮಸ್ ಅಡಿಸನ್ 1855ರಲ್ಲಿ ತೋರಿಸಿಕೊಟ್ಟನು. ಆದರೆ ಗ್ರಂಥಿಯೊಳಗೆ ರಕ್ತ ಸುರಿದು ಅದು ನಾಶವಾಗುವ ವಿಪತ್ತು ಬಹುಕಾಲ ವೈದ್ಯರಿಗೆ ಗೋಚರಿಸುತ್ತಿದ್ದುದು ಹೆಚ್ಚಾಗಿ ಶವಪರೀಕ್ಷೆಯಲ್ಲಿ ಮಾತ್ರ.

ಈ ವಿಪತ್ತಿನ ಕಾರಣವನ್ನು ಗ್ರಂಥಿಯ ರಚನೆಯಲ್ಲಿಯೇ ಹುಡುಕಬೇಕು. ಕಾಂಕರಿಯಾ ದಂಡೆಯಲ್ಲಿ ಸಂಜೆ ಅಡ್ಡಾಡುವ ಮಣಿನಗರದ ಕನ್ನಡಿಗರಿಗೆ ಕೆರೆಯ ಹೋಲಿಕೆ ಸುಲಭವಾದೀತು. ಗ್ರಂಥಿಗೆ ರಕ್ತ ತರುವ ಧಮನಿಗಳು ಮೂರು ಮೂಲಗಳಿಂದ ಬರುತ್ತವೆ. ಹೊರಹೋಗಲು ಮುಖ್ಯವಾಗಿ ಒಂದೇ ಸಿರೆ. ಕಾಲುವೆ ಮೂರು, ತೂಬು ಒಂದು. ರಕ್ತ ಹೆಪ್ಪುಗಟ್ಟಿ ತೂಬು ಮುಚ್ಚಿಕೊಂಡರೆ ಒಳಗಿನ ಒತ್ತಡವೇರಿ ನಾಳಗಳು ಒಡೆಯುತ್ತವೆ. 1983ರಲ್ಲಿ ಗ್ರಹಾಂ ಹ್ಯೂಸ್ ವಿವರಿಸಿದ ಆ್ಯಂಟಿಫಾಸ್ಫೋಲಿಪಿಡ್ ವ್ಯಾಧಿಯಲ್ಲಿ ರಕ್ತ ಅತಿಯಾಗಿ ಹೆಪ್ಪುಗಟ್ಟುವುದು. ಆದರೂ ಈ ಗ್ರಂಥಿಯಲ್ಲಿ ಸ್ರಾವವಾಗುವುದುಂಟು. ಹೆಪ್ಪುಗಟ್ಟದಿರಲೆಂದು ಕೊಡುವ ಹೆಪಾರಿನ್ನಿಂದಲೇ ಕೆಲವರಲ್ಲಿ ಕಿರುಬಿಲ್ಲೆಗಳು ಕುಗ್ಗಿ, ಇದೇ ಫಲ ಒದಗುವುದೂ ಉಂಟು.

ಇಲ್ಲಿ ಇತಿಹಾಸದ ಒಂದು ವೈಚಿತ್ರ್ಯವನ್ನು ಗಮನಿಸಬೇಕು. ಕಾರ್ಟಿಸೋನಿನ ಶೋಧಕ್ಕೆ ಸಂಬಂಧಿಸಿ ಕೆಂಡಾಲ್, ರೈಕ್‌ಸ್ಟೈನ್, ಹೆಂಚ್ ಇವರಿಗೆ ನೊಬೆಲ್ ಪಾರಿತೋಷಕ ಸಂದುದು 1950ರಲ್ಲಿ. ಅಂದಿಗೆ ಮದ್ದು ಬಂದಿತ್ತು, ಕಣ್ಣು ಬಂದಿರಲಿಲ್ಲ. 1895ರಲ್ಲಿ ರಂಟ್‌ಗೆನ್ ಕಂಡ ಕ್ಷ-ಕಿರಣ ಎಲುಬನ್ನು ತೋರಿಸೀತಲ್ಲದೆ ಕೊಬ್ಬಿನಲ್ಲಿ ಹುದುಗಿದ ಈ ಮೃದು ಗ್ರಂಥಿಯನ್ನಲ್ಲ. ಹೌನ್ಸ್‌ಫೀಲ್ಡನ ಸಿ.ಟಿ. ಯಂತ್ರ 1971ರಲ್ಲಿ ಮೊದಲ ರೋಗಿಯ ಮಿದುಳನ್ನು ಚಿತ್ರಿಸಿತು. 1974ರ ಹೊತ್ತಿಗೆ ಇಡೀ ದೇಹವನ್ನು ಚಿತ್ರಿಸುವ ಯಂತ್ರವೂ ಸಿದ್ಧವಾಯಿತು. ಅವನ ಮಾನದಲ್ಲಿ ನೀರು 0. ಗ್ರಂಥಿಯಲ್ಲಿ ಹೊಸದಾಗಿ ನಿಂತ ರಕ್ತ ಸುಮಾರು 50ರಿಂದ 90. ದಿನ ಕಳೆದಂತೆ ಈ ಅಂಕವೂ ಗಡ್ಡೆಯ ಗಾತ್ರವೂ ಇಳಿಯುತ್ತವೆ. ರಕ್ತದ ವಯಸ್ಸನ್ನು ಎಂ.ಆರ್.ಐ. ಇನ್ನೂ ಸ್ಪಷ್ಟವಾಗಿ ತಿಳಿಸುತ್ತದೆ. ನವಜಾತ ಶಿಶುಗಳಿಗೆ ಅಲ್ಟ್ರಾಸೌಂಡೇ ಮೊದಲ ಸಾಧನ.

ಹೀಗೆ ಮದ್ದಿಗೂ ಕಣ್ಣಿಗೂ ನಡುವೆ ಸುಮಾರು ಕಾಲು ಶತಮಾನ ಸಂದುಹೋಯಿತು. ಆ ಅಂತರ ಇಂದಿಗೂ ಪೂರ್ಣವಾಗಿ ಅಳಿದಿಲ್ಲ. ಹೊಟ್ಟೆ ಅಥವಾ ಬೆನ್ನಿನ ನೋವು, ಜ್ವರ, ಕುಸಿಯುವ ರಕ್ತದೊತ್ತಡ, ಇಳಿಯುವ ಸೋಡಿಯಂ ಇವು ಬೇರೆ ಹತ್ತು ರೋಗಗಳಲ್ಲಿಯೂ ಉಂಟು. ವೈದ್ಯನ ಮನಸ್ಸಿನಲ್ಲಿ ಸಂಶಯ ಹುಟ್ಟದಿದ್ದರೆ ಯಂತ್ರವು ತಾನಾಗಿ ನೋಡದು. ಸಂಶಯ ಬಲವಾಗಿದ್ದರೆ ಚಿತ್ರ ಬರುವವರೆಗೆ ಹೈಡ್ರೊಕಾರ್ಟಿಸೋನ್ ಕಾಯಲೂ ಬಾರದು. ಕಣ್ಣು ಬಂದ ಮೇಲೂ ನೋಡಬೇಕಾದವನು ಮನುಷ್ಯನೇ.