ಕೋಳಿಗೂಡು ಗುಡಿಸೋದನ್ನ ಅವ್ವನಿಗೆ ಕಲಿಸಿದವರು ಯಾರು?



ಮೊನ್ನೆ ಒಬ್ಬ ಗೆಳೆಯ ವಿಡಿಯೋ ಕಳಿಸಿದ. ಬೆಂಗಳೂರಿನ ಹೊರಗೆ ಒಂದು ತೋಟದ ಮನೆ, ಐದಾರು ನಾಟಿ ಕೋಳಿ, ಗೂಡಿನ ನೆಲಕ್ಕೆ ಅರ್ಧ ಗೇಣು ದಪ್ಪ ಭತ್ತದ ಹೊಟ್ಟು. ಇದು 'ಡೀಪ್ ಲಿಟರ್', ವಿದೇಶದಿಂದ ಬಂದ ವಿಧಾನ ಅಂತ ಮನೆ ಯಜಮಾನರ ವಿವರಣೆ. ಕೆಳಗೆ "ಎಷ್ಟು ಕ್ಲೀನ್ ಸಾರ್" ಅಂತ ಸಾಲು ಸಾಲು ಮೆಚ್ಚುಗೆ. ಮೊದಲು ನಗು ಬಂತು. ಆಮೇಲೆ ಕೋಪ ಬಂತು.

ಕೇರಿಯ ನಮ್ಮನೆ ಹಿತ್ತಲಲ್ಲಿ ಕಲ್ಲು ಮಣ್ಣಿನ ಗೂಡಿತ್ತು, ಮೇಲೆ ತೆಂಗಿನ ಗರಿ. ಅವ್ವ ಮಿಲ್ಲಿಂದ ಹೊಟ್ಟು ಹೊತ್ತು ತಂದು ಹಾಸೋಳು. ಸಿಗದಿದ್ರೆ ಕಡ್ಲೆಕಾಯಿ ಸಿಪ್ಪೆ, ಅದೂ ಇಲ್ಲಾಂದ್ರೆ ತರಗು. ಬೆಳಗ್ಗೆ ಕೋಳಿ ಬಿಟ್ಟಮೇಲೆ ಕೋಲಿನಲ್ಲಿ ಕೆದಕಿ ಮೇಲೆ ಕೆಳಗೆ ಮಾಡೋಳು. ಕೋಳಿ ಕೂರೋ ಗಳದ ಕೆಳಗೆ ಹಿಕ್ಕೆ ಜಾಸ್ತಿ, ಅಲ್ಲಿಂದ ಮಾತ್ರ ದಿನಾ ತೆಗೆದು ತಿಪ್ಪೆಗೆ. ಹೊಟ್ಟನ್ನ ಹಿಡಿಯಲ್ಲಿ ಹಿಸುಕಿ ನೋಡೋಳು. ಉದುರಿದ್ರೆ ಸರಿ, ಉಂಡೆ ಕಟ್ಟಿದ್ರೆ ಹಸಿ, ತೆಗೆದು ಒಣದು ಹಾಕಬೇಕು. ಮೂಗು ಉರಿಯೋ ವಾಸನೆ ಬಂತು ಅಂದ್ರೆ ಆಗಲೇ ತಡ ಆಯ್ತು ಅನ್ನೋಳು. ಮೂಲೇಲಿ ಒಲೆ ಬೂದಿ ಗುಡ್ಡೆ. ಕೋಳಿಗಳು ಅದರಲ್ಲಿ ಹೊರಳಾಡಿ ಹೇನು ಉದುರಿಸಿಕೊಳ್ತಿದ್ವು. ಕಾವಿಗೆ ಕೂರಿಸೋ ಮಂಕರಿಗೆ ಬೂದಿ, ಬೇವಿನ ಸೊಪ್ಪು. ಸುಗ್ಗಿ ಕಳೆದಮೇಲೆ ಎಲ್ಲ ಬಾಚಿ, ಗೂಡು ಒಣಗಿಸಿ, ಗೋಡೆಗೆ ಸುಣ್ಣ. ಬಾಚಿದ ಹಾಸು ತಿಪ್ಪೇಲಿ ಕೊಳೆತು ಒಳ್ಳೇ ಗೊಬ್ಬರ ಆಗಿ ಊರ ಯಜಮಾನರ ಗದ್ದೆಗೆ ಹೋಗೋದು. ನಮಗೆಲ್ಲಿತ್ತು ಗದ್ದೆ?

ಇಂಥ ಹೆಂಗಸನ್ನ ಊರು 'ಗಲೀಜು' ಅಂತಿತ್ತು. ಯಾವ ಲೆಕ್ಕದಲ್ಲಿ?

ಮನುಸ್ಮೃತಿಯ ಮೂರನೇ ಅಧ್ಯಾಯ ತೆಗೆದು ನೋಡಿ. ಬ್ರಾಹ್ಮಣರು ಶ್ರಾದ್ಧದ ಊಟ ಮಾಡುವಾಗ ಯಾರ್ಯಾರು ನೋಡಬಾರದು ಅಂತ ಪಟ್ಟಿ ಇದೆ. ಚಂಡಾಲ, ಹಂದಿ, ಹುಂಜ, ನಾಯಿ, ಮುಟ್ಟಾದ ಹೆಂಗಸು, ಅವರ ಮಾತಲ್ಲೇ ಹೇಳೋದಾದ್ರೆ 'ನಪುಂಸಕ'. ಸ್ವಲ್ಪ ಮುಂದೆ ಹೋದರೆ ವಿವರ: ಹಂದಿ ಮೂಸಿದರೆ, ನಾಯಿ ಕಣ್ಣು ಹಾಕಿದರೆ, ಕೋಳಿ ರೆಕ್ಕೆಯ ಗಾಳಿ ಬೀಸಿದರೆ, ಕೀಳು ಜಾತಿಯವನು ಮುಟ್ಟಿದರೆ ಕರ್ಮ ಕೆಡುತ್ತೆ. ರೆಕ್ಕೆಯ ಗಾಳಿ! ಐದನೇ ಅಧ್ಯಾಯದಲ್ಲಿ ಊರ ಕೋಳಿ ತಿಂದ ದ್ವಿಜ ಪತಿತ. ಹತ್ತನೆಯದರಲ್ಲಿ ಶೂದ್ರ ಗಂಡಿಗೂ ನಿಷಾದ ಹೆಣ್ಣಿಗೂ ಹುಟ್ಟಿದವರ ಜಾತಿಗೆ ಇಟ್ಟ ಹೆಸರು 'ಕುಕ್ಕುಟಕ'. ಕುಕ್ಕುಟ ಅಂದ್ರೆ ಕೋಳಿ. ಗೂಡು ಒಣಗಿದೆಯಾ, ಹೊಟ್ಟು ಕೊಳೆತಿದೆಯಾ ಅನ್ನೋದು ಈ ಲೆಕ್ಕದಲ್ಲಿ ಬರೋದೇ ಇಲ್ಲ. ಅವ್ವ ಎಷ್ಟು ಸುಣ್ಣ ಬಳಿದರೂ ಅವಳ ಗೂಡು ಶುದ್ಧ ಆಗೋ ಹಾಗೇ ಇರಲಿಲ್ಲ. ಬಾಬಾಸಾಹೇಬರು 1927ರ ಡಿಸೆಂಬರ್ 25ರಂದು ಮಹಾಡ್‌ನಲ್ಲಿ ಸುಟ್ಟಿದ್ದು ಈ ಪುಸ್ತಕವನ್ನೇ.

ಇನ್ನು 'ವಿದೇಶದ ವಿಧಾನ'ದ ಮಾತು. 1940ರ ದಶಕದಲ್ಲಿ ಅಮೆರಿಕದ ಓಹಿಯೋ ಕೃಷಿ ಪ್ರಯೋಗ ಕೇಂದ್ರದವರು, ಹಳೇ ಹಾಸನ್ನ ಪೂರ್ತಿ ಎತ್ತದೆ ಕೆದಕುತ್ತಾ, ಸುಣ್ಣ ಬೆರೆಸಿ, ಮೇಲೆ ಹೊಸದು ಹಾಕ್ತಾ ಹೋದರೆ ಕೋಳಿ ಚೆನ್ನಾಗಿರುತ್ತವೆ ಅಂತ ಪರೀಕ್ಷೆ ಮಾಡಿ ಬರೆದರು. ಹಾಸಿನ ಸೂಕ್ಷ್ಮಜೀವಿಗಳು ತಯಾರಿಸೋ ಬಿ12 ಜೀವಸತ್ವ ಇದಕ್ಕೆ ಒಂದು ಕಾರಣ. ಆ ಜೀವಸತ್ವವನ್ನ ಬೇರ್ಪಡಿಸಿದ್ದೇ 1948ರಲ್ಲಿ. ಅವರ ಕೆಲಸ ಸಣ್ಣದಲ್ಲ, ಅಳೆದರು, ಬರೆದಿಟ್ಟರು. ಅವ್ವನಿಗೆ ಬರೆಯೋಕೆ ಬರ್ತಿರಲಿಲ್ಲ, ಅಷ್ಟೆ. ಆದರೆ ಕೋಳಿಗೂ ಭತ್ತಕ್ಕೂ ಇರೋ ನಂಟು ಓಹಿಯೋಗಿಂತ ಬಹಳ ಹಳೇದು. ಥಾಯ್ಲೆಂಡಿನ ಬಾನ್ ನಾನ್ ವಾಟ್‌ನಲ್ಲಿ ಸಿಕ್ಕ ಕೋಳಿ ಮೂಳೆಗಳಿಗೆ ಮೂರು ಸಾವಿರ ವರ್ಷಕ್ಕೂ ಮೇಲಾಗಿದೆ. ಭತ್ತ, ಸಿರಿಧಾನ್ಯ ಬೆಳೆದ ಜನರ ಹತ್ತಿರಕ್ಕೆ ಕಾಳಿನ ಆಸೆಗೆ ಕಾಡುಕೋಳಿ ಬಂತು ಅಂತ 2022ರಲ್ಲಿ ಸಂಶೋಧಕರು ಬರೆದರು.

ಒಂದು ನೆನಪು ಹೇಳಿ ಮುಗಿಸ್ತೀನಿ. ಹೆಬ್ಬಾಳದಲ್ಲಿ ತಯಾರಾದ ಗಿರಿರಾಜ ತಳಿಯ ಮರಿಗಳನ್ನ ಹಳ್ಳಿಗಳಿಗೆ ಹಂಚ್ತಿದ್ದ ಕಾಲ. ಒಬ್ಬ ಸಾಹೇಬರು ತರಬೇತಿ ಕೊಡೋಕೆ ಕೇರಿಗೆ ಬಂದ್ರು. "ನಿಮ್ಮೋರು ಮೊದಲು ಸ್ವಚ್ಛತೆ ಕಲೀಬೇಕು" ಅಂತ ಶುರು ಮಾಡಿ ಹೊಟ್ಟು, ಸುಣ್ಣ, ಬೂದಿ ಅಂತ ಒಂದು ಗಂಟೆ ಪಾಠ. ಅವ್ವ ಕೊಟ್ಟ ನೀರು ಮುಟ್ಟಲಿಲ್ಲ. ಆದರೆ ಗೂಡಿನೊಳಗೆ ಬಗ್ಗಿ ನೋಡಿ, ಹೊಟ್ಟು ಕೈಲಿ ಹಿಡಿದು, "ಇದಕ್ಕೆ ವಾಸನೇನೇ ಇಲ್ವಲ್ಲ, ಏನು ಹಾಕ್ತೀಯಮ್ಮ?" ಅಂತ ಕೇಳಿದ್ರು. ಅವ್ವ ಹೇಳಿದ್ಲು. ಅವರು ಡೈರಿಯಲ್ಲಿ ಬರ್ಕೊಂಡ್ರು.

ಹೋಗೋ ಮುಂಚೆ ಒಂದು ಹಾಳೆ ಚಾಚಿದ್ರು. ತರಬೇತಿ ಪಡೆದವರ ಪಟ್ಟಿ. ಅದರಲ್ಲಿ ಮೂರನೇ ಹೆಬ್ಬೆಟ್ಟು ನಮ್ಮವ್ವನದು.