ಪೆಪ್ಲಾವ್ ಎಂಬ ನರ್ಸ್ ಮತ್ತು ನಾಲ್ಕು ವರ್ಷ ಕಾದ ಪುಸ್ತಕ

ಮನೋರೋಗ ಚಿಕಿತ್ಸೆಯ ಚರಿತ್ರೆ ಬರೆಯೋರೆಲ್ಲ 1952ಕ್ಕೆ ಬಂದು ಒಂದು ಕ್ಷಣ ನಿಲ್ತಾರೆ. ಪ್ಯಾರಿಸ್ಸಿನಲ್ಲಿ ಕ್ಲೋರ್‌ಪ್ರೊಮಜೀನ್ ರೋಗಿಗಳಿಗೆ ಕೊಡಲು ಶುರುಮಾಡಿದ ವರ್ಷ ಅದು. ನನಗೆ ಮಾತ್ರ ಆ ವರ್ಷ ಅಂದರೆ ಹಿಲ್ಡೆಗಾರ್ಡ್ ಪೆಪ್ಲಾವ್ ಎಂಬ ಅಮೆರಿಕದ ನರ್ಸ್ ಬರೆದ ಪುಸ್ತಕ. ಬರೆದು ಮುಗಿಸಿದ್ದು 1948ರಲ್ಲೇ. ಡಾಕ್ಟರೊಬ್ಬರ ಹೆಸರು ಜೊತೆಗಿಲ್ಲದೆ ನರ್ಸ್ ಒಬ್ಬಳೇ ಪುಸ್ತಕ ಬರೆಯೋದುಂಟೇ ಅಂತ ಅಚ್ಚಾಗೋಕೆ ನಾಲ್ಕು ವರ್ಷ ಹಿಡೀತು!

ಅಂಥದ್ದೇನಿತ್ತು ಅದರಲ್ಲಿ? ಅಲ್ಲಿವರೆಗೆ ಹುಚ್ಚಾಸ್ಪತ್ರೆಯ ದಾದಿ ಅಂದರೆ ಬಹುಮಟ್ಟಿಗೆ ಕಾವಲು, ಸ್ನಾನ, ಊಟ, ಸೊಂಟದಲ್ಲೊಂದು ಬೀಗದ ಕೈ ಗೊಂಚಲು. ರೋಗಿಯ ಜೊತೆ ದಾದಿ ಬೆಳೆಸೋ ಸಂಬಂಧವೇ ಆರೈಕೆ ಅಂದಳು ಪೆಪ್ಲಾವ್. ಮೊದಲು ಇಬ್ಬರೂ ಅಪರಿಚಿತರು. ನಿಧಾನಕ್ಕೆ ನಂಬಿಕೆ ಹುಟ್ಟುತ್ತೆ, ರೋಗಿ ದಾದಿಯನ್ನು ನೆಚ್ಚಿಕೊಳ್ತಾನೆ, ಕೊನೆಗೆ ಬಿಡಿಸಿಕೊಂಡು ತನ್ನ ಕಾಲ ಮೇಲೆ ನಿಲ್ಲಬೇಕು. ರೋಗಿಯ ಆತಂಕ ನೋಡುವಾಗ ತನ್ನೊಳಗೇ ಏಳೋ ಆತಂಕವನ್ನೂ ದಾದಿ ಗಮನಿಸಿಕೊಳ್ಳಬೇಕು... ಈ ಮಾತು ನನಗೆ ಬಹಳ ಹಿಡಿಸಿತು.

ನಮ್ಮ ಬೆಂಗಳೂರಲ್ಲಿ 1954ರಲ್ಲಿ ಶುರುವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ (ಇಂದಿನ ನಿಮ್ಹಾನ್ಸ್) ಮನೋವೈದ್ಯರ ಜೊತೆಗೆ ದಾದಿಯರಿಗೂ ಡಿಪ್ಲೊಮಾ ತಂತು. ಆಸ್ಪತ್ರೆಯ ಹೊರಗಿನ ಕತೆಯೇ ಬೇರೆ ನೋಡಿ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರವಾಡಿಯ ಆಶ್ರಯತಾಣವೊಂದಕ್ಕೆ ಬೆಂಕಿ ಬಿದ್ದಾಗ, ಸರಪಳಿ ಬಿಗಿದಿದ್ದ ಮನೋರೋಗಿಗಳು ಓಡಲಾಗದೆ ಸುಟ್ಟುಹೋದರು. ಸತ್ತವರು 28 ಮಂದಿ. ಸರಪಳಿ ಹಾಕಲೇಕೂಡದು ಅಂತ ಕಾಯ್ದೆಯಲ್ಲಿ ಬರೆದದ್ದು 2017ರಲ್ಲಿ.