ಬ್ರೈಟನ್ನಿನ ಯುದ್ಧಾಸ್ಪತ್ರೆ: ಆಚಾರಕ್ಕೆ ಗೌರವ, ವ್ಯಕ್ತಿಗೆ ಕಾವಲು

ಮೊದಲ ಮಹಾಯುದ್ಧದ ಆರಂಭದಲ್ಲಿ, ಫ್ರಾನ್ಸ್ ಮತ್ತು ಬೆಲ್ಜಿಯಂ ರಣರಂಗಗಳಲ್ಲಿ ಗಾಯಗೊಂಡ ಭಾರತೀಯ ಸೈನಿಕರ ಶುಶ್ರೂಷೆಗಾಗಿ ಇಂಗ್ಲೆಂಡಿನ ಕಡಲತೀರದ ಬ್ರೈಟನ್ ಪಟ್ಟಣದಲ್ಲಿ ಆಸ್ಪತ್ರೆಗಳು ತೆರೆದವು. ಅವುಗಳಲ್ಲಿ ಹೆಸರಾದುದು ರಾಯಲ್ ಪೆವಿಲಿಯನ್ ಎಂಬ ಹಳೆಯ ಅರಮನೆ. 1914ರ ಡಿಸೆಂಬರಿನಿಂದ 1916ರ ಆರಂಭದವರೆಗೆ ಭಾರತೀಯ ಯೋಧರು ಇಲ್ಲಿ ಚಿಕಿತ್ಸೆ ಪಡೆದರು.

ಅರಮನೆಯ ದೊಡ್ಡ ಅಡುಗೆಮನೆ ಶಸ್ತ್ರಚಿಕಿತ್ಸೆಯ ಕೊಠಡಿಯಾಯಿತು. ರೋಗಿಗಳ ಆಹಾರ ನಿಯಮಗಳನ್ನು ಕಾಪಾಡಲು ಆವರಣದಲ್ಲಿ ಒಂಬತ್ತು ಅಡುಗೆಮನೆಗಳು ಎದ್ದವು. ಹಿಂದೂಗಳಿಗೂ ಮುಸ್ಲಿಮರಿಗೂ ಪ್ರತ್ಯೇಕ ನಲ್ಲಿಗಳಿದ್ದವು. ಸಿಖ್ಖರಿಗೆ ಗುಡಾರವೊಂದು ಗುರುದ್ವಾರವಾಯಿತು. ಸೂಚನಾಫಲಕಗಳು ಉರ್ದು, ಹಿಂದಿ, ಗುರುಮುಖಿಗಳಲ್ಲಿದ್ದವು. ಬ್ರೈಟನ್ನಿನಲ್ಲಿ ಮಡಿದ 53 ಹಿಂದೂ ಹಾಗೂ ಸಿಖ್ ಯೋಧರ ದಹನ ಸಂಸ್ಕಾರ ಪಟ್ಟಣದಾಚೆಯ ಗುಡ್ಡದ ಮೇಲೆ ನಡೆಯಿತು. ಅಲ್ಲಿ ನಿರ್ಮಿಸಿದ ಛತ್ರಿ ಸ್ಮಾರಕ 1921ರಲ್ಲಿ ಅನಾವರಣಗೊಂಡಿತು. ಮುಸ್ಲಿಮರ ದೇಹಗಳನ್ನು ವೋಕಿಂಗ್ ಮಸೀದಿಯ ಸಮೀಪದಲ್ಲಿ ಸಮಾಧಿ ಮಾಡಲಾಯಿತು.

ಆದರೆ ಈ ಗೌರವದ ಹಿಂದೆ ಸಾಮ್ರಾಜ್ಯದ ಹಿತವೂ ಇತ್ತು. ದೊರೆಯೇ ತನ್ನ ಅರಮನೆಯನ್ನು ಬಿಟ್ಟುಕೊಟ್ಟನೆಂಬ ಮಾತು ಭಾರತದವರೆಗೂ ಹಬ್ಬಿತು. ವಾಸ್ತವವಾಗಿ ಪಟ್ಟಣವೇ ಆ ಕಟ್ಟಡವನ್ನು 1850ರಲ್ಲಿ ಕೊಂಡುಕೊಂಡಿತ್ತು. ಅದೇ ಪಟ್ಟಣದ ಕಿಚನರ್ ಆಸ್ಪತ್ರೆ ಮೊದಲು ನಿರ್ಗತಿಕರ ದುಡಿಮೆಗೃಹವಾಗಿತ್ತು. ಅದರ ಸುತ್ತ ಮುಳ್ಳುತಂತಿ ಹಾಕಿ, ಯೋಧರು ಹೊರಗೆ ಓಡಾಡದಂತೆ ಕಾವಲಿಡಲಾಯಿತು. ಅವರು ಮನೆಗೆ ಬರೆದ ಪತ್ರಗಳನ್ನು ಅಧಿಕಾರಿಗಳು ಓದಿ ಪರಿಶೀಲಿಸುತ್ತಿದ್ದರು. ಆಚಾರಕ್ಕೆ ಸಂದ ಮನ್ನಣೆ ವ್ಯಕ್ತಿಗೆ ಪೂರ್ಣವಾಗಿ ಸಲ್ಲಲಿಲ್ಲ.

ಹಾಗೆಂದು ಆ ಸೇವೆಯನ್ನು ಕೇವಲ ಪ್ರಚಾರವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಕಟ್ಟಿದ ಗಾಯಗಳು ನಿಜ. ಸಾಯುವವನಿಗೆ ತನ್ನ ಧರ್ಮದ ವಿಧಿ ದೊರಕಿದ್ದೂ ನಿಜ. ಆದರೆ ಮತ್ತಾಯನ ಶುಭಸಂದೇಶದ 25ನೆಯ ಅಧ್ಯಾಯದಲ್ಲಿ ಕ್ರಿಸ್ತರು ಹಸಿದವರೊಂದಿಗೆ, ಪರದೇಶಿಗಳೊಂದಿಗೆ, ರೋಗಿಗಳೊಂದಿಗೆ ಮಾತ್ರವಲ್ಲ, ಬಂಧಿಗಳೊಂದಿಗೂ ತಮ್ಮನ್ನು ಒಂದಾಗಿಸಿಕೊಳ್ಳುತ್ತಾರೆ. ಬ್ರೈಟನ್ನಿನ ಯೋಧನಲ್ಲಿ ಪರದೇಶಿಯೂ ರೋಗಿಯೂ ಒಂದರ್ಥದಲ್ಲಿ ಬಂಧಿಯೂ ಇದ್ದನು. ಆಸ್ಪತ್ರೆ ಮೊದಲಿಬ್ಬರನ್ನು ಕಂಡಿತು, ಮೂರನೆಯವನನ್ನು ತಾನೇ ಸೃಷ್ಟಿಸಿತು.

ಧಾರ್ಮಿಕ ಸ್ವಾತಂತ್ರ್ಯದ ಬುನಾದಿ ಮಾನವ ವ್ಯಕ್ತಿಯ ಘನತೆಯೇ ಎಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸಾರಿತು. ಆ ಬೆಳಕಿನಲ್ಲಿ ನೋಡಿದರೆ, ರೋಗಿಯ ವಿಶ್ವಾಸವನ್ನು ಗೌರವಿಸುವುದು ಸೇವೆಯ ಮೊದಲ ಹೆಜ್ಜೆ ಮಾತ್ರ. ಅವನ ಕೃತಜ್ಞತೆಯನ್ನು ನಮ್ಮ ಸಂಸ್ಥೆಯ ಕೀರ್ತಿಗೆ ಬಳಸದಿರುವುದು, ಅವನ ಮಾತಿಗೂ ನಿರಾಕರಣೆಗೂ ಎಡೆಗೊಡುವುದು ಎರಡನೆಯ ಹೆಜ್ಜೆ. ಧರ್ಮಸಭೆಯ ಆಸ್ಪತ್ರೆಗಳಲ್ಲಿ ಪಾಲನಾ ಸೇವೆಗೆ ಸಿದ್ಧರಾಗುವವರು ಈ ಎರಡನ್ನೂ ಕಲಿಯಬೇಕಾಗಿದೆ.